ಪೂರ್ವಕ್ಕೆ, ಪೂರ್ವದಿಂದ

ಫೆಬ್ರವರಿ 6

ನಿಧಾನಪ್ಪನಿಗೆ,

ನಿನ್ನ ಮೇಲೆ ನನಗೆ ಸಿಟ್ಟಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಅಪ್ಪನನ್ನು ಮಣ್ಣು ಮಾಡಿದ ಮರುದಿನ ಒಂದು ತುತ್ತೂ ಬಾಯಿಗೆ ಹಾಕದೆ ಬಸ್ ಹತ್ತಿಬಿಟ್ಟೆ. ಇವತ್ತಿಗೆ ಹದಿನೇಳು ದಿನ. ಫೋನ್ ಮಾಡಿದರೆ ಮೂರು ಸಲ "ಹ್ಞೂಂ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಕಾಗದದ ಮೇಲೆ ಹ್ಞೂಂಗುಟ್ಟಲು ಬರುವುದಿಲ್ಲ, ಏನಾದರೂ ಬರೆಯಲೇಬೇಕು.

ಬಸ್ಸಿನ ಮೆಟ್ಟಿಲ ಮೇಲೆ ನಿಂತು ನೀನು ಕೇಳಿದ್ದು ನನಗೆ ಕೇಳಿಸಿತ್ತು. ಗಲಾಟೆಯಲ್ಲಿ ಕೇಳಿಸದವಳ ಹಾಗೆ ಕೈ ಬೀಸಿದೆ, ಅಷ್ಟೆ. "ಅಕ್ಕ, ಆ ಸೋಮವಾರ ನಾನು ಗೂಡು ಹಚ್ಚಿದ್ದೆ. ಆ ಹೊಗೆ ಇಲ್ಲೀತನಕ ಬರುತ್ತಾ?" ಅಂದೆ. ಬಸ್ ಹೊರಟುಹೋಯಿತು. ಆ ಪ್ರಶ್ನೆ ಮಾತ್ರ ನನ್ನ ಜೊತೆ ಮನೆಗೆ ಬಂದು ಕೂತಿದೆ.

ನಲವತ್ತು ವರ್ಷ ಇಟ್ಟಿಗೆ ಗೂಡಿನ ಮುಂದೆ ನಿಂತು ಎದೆ ಹಾಳಾಗಿದೆ, ಹೊಗೆಯಿಂದ ದೂರ ಇರಲಿ ಅಂತ ಡಾಕ್ಟರು ಹೇಳಿದ್ದಕ್ಕೆ ತಾನೇ ನಾವು ಅಪ್ಪನನ್ನು ತೊಂಬತ್ತು ಕಿಲೋಮೀಟರ್ ದೂರದ ನನ್ನ ಮನೆಗೆ ಕರೆದುಕೊಂಡು ಬಂದದ್ದು. ಗೂಡನ್ನು ನಿನ್ನ ಕೈಗೆ ಬಿಟ್ಟು ಆರು ತಿಂಗಳು ಇಲ್ಲಿದ್ದರು. ಅಷ್ಟು ದೂರ ತಂದಿಟ್ಟ ಮೇಲೂ ಹೊಗೆ ಹುಡುಕಿಕೊಂಡು ಬರುತ್ತದೆಯೇ ಅಂತ ನಿನ್ನ ಪ್ರಶ್ನೆ. ಬರುವುದಿಲ್ಲ ಕಣೋ ಅಂದುಬಿಡುವುದು ಸುಲಭ. ಆದರೆ ಗಾಳಿಯಲ್ಲಿರುವ ದೂಳನ್ನು ತೂಗುವುದೇ ನನ್ನ ಕೆಲಸ. ಕೂದಲೆಳೆಯನ್ನು ಮೂವತ್ತು ಪಾಲು ಮಾಡಿದರೆ ಒಂದು ಪಾಲಿನಷ್ಟು ಸಣ್ಣ ದೂಳು, ನೆಲಕ್ಕೆ ಬೀಳದೆ ದಿನಗಟ್ಟಲೆ ತೇಲುತ್ತದೆ. ತೊಂಬತ್ತು ಕಿಲೋಮೀಟರ್ ಅದಕ್ಕೆ ಏನೂ ಅಲ್ಲ. ಬಂತೋ ಇಲ್ಲವೋ ಅನ್ನುವುದು ಆ ದಿನ ಗಾಳಿ ಯಾವ ಕಡೆಯದು ಅನ್ನುವುದರ ಮೇಲೆ.

ಅದನ್ನು ಹೇಳಬೇಕಾದದ್ದು ನಿನ್ನ ಪುಸ್ತಕ. ನಿಮ್ಮ ಕಣಿವೆಯಲ್ಲಿ ಗಾಳಿ ನೋಡುವವರು ಯಾರೂ ಇಲ್ಲ ಅಂತ, ದಿನಾ ಗಾಳಿಯ ದಿಕ್ಕು ಬರೆದಿಡಲು ನಮ್ಮ ಕಚೇರಿ ನಿನಗೆ ಕೊಟ್ಟ ಪುಸ್ತಕ. ಎರಡು ವರ್ಷದಿಂದ ತಪ್ಪದೆ ತಿಂಗಳಿಗೊಂದು ಕಳಿಸುತ್ತಿದ್ದೆ. ಜನವರಿಯದು ಬಂದಿಲ್ಲ. ಕಳಿಸು, ನೋಡಿ ಹೇಳುತ್ತೇನೆ. ಸಮಾಧಾನ ಹೇಳುವುದಿಲ್ಲ, ಇದ್ದದ್ದು ಹೇಳುತ್ತೇನೆ. ನನಗೆ ತಕ್ಕಡಿ ಅಂತ ಅಡ್ಡಹೆಸರಿಟ್ಟವನು ನೀನೇ ಅಲ್ಲವೇ.

ಕಾಗದ ಬರೆಯುವಾಗ ದಯವಿಟ್ಟು ಪ್ರತ್ಯಯ ಹಾಕಿ ಬರೆ. "ಇಂದ, ಗೆ, ಅಲ್ಲಿ ಎಲ್ಲವನ್ನೂ ಇವನು ನುಂಗಿ ನೀರು ಕುಡಿದಿದ್ದಾನೆ" ಅಂತ ಮೇಷ್ಟ್ರು ನಿನ್ನ ಪ್ರಬಂಧದ ಕೆಳಗೆ ಬರೆದಿದ್ದು ನೆನಪಿದೆಯಾ? ಅಪ್ಪ ಅದನ್ನು ನನ್ನ ಕೈಲಿ ನಾಲ್ಕು ಸಲ ಓದಿಸಿ ನಕ್ಕಿದ್ದರು.

ಚಳಿ ಒಳಗೆ ಬರುತ್ತದೆ ಅಂತ ಅಪ್ಪನ ಕೋಣೆಯ ಕಿಟಕಿಗೆ ಮೊಳೆ ಹೊಡೆಸಿದ್ದೇನೆ. ಊಟ ಮಾಡು.

ನಿನ್ನ ತಕ್ಕಡಿ ಅಕ್ಕ


ಫೆಬ್ರವರಿ 14

ಅಕ್ಕ,

ಪುಸ್ತಕ ಪೋಸ್ಟ್ ಹಾಕಿದ್ದೇನೆ. ಒಂದು ದಿನ ತಪ್ಪಿಸಿಲ್ಲ. ಅಪ್ಪ ಹೋದರು ಅಂತ ನಿನ್ನ ಫೋನ್ ಬಂದ ಬೆಳಗ್ಗೆ ಕೂಡ ಬರೆದೇ ಬಸ್ ಹತ್ತಿದ್ದು. ಯಾಕೆ ಬರೆದೆ ಗೊತ್ತಿಲ್ಲ. ಕೈ ಅಭ್ಯಾಸ.

ಗೂಡು ಆರಿದೆ. ಇಟ್ಟಿಗೆ ಚೆನ್ನಾಗಿ ಬಂದಿದೆ. ಅಪ್ಪ ಸುಡುತ್ತಿದ್ದಾಗ ಬರುತ್ತಿದ್ದ ಕೆಂಪು. ಎರಡು ಇಟ್ಟಿಗೆ ತಟ್ಟಿದರೆ ಗಂಟೆ ಸದ್ದು. ನೋಡೋಕೆ ಆಗಲ್ಲ, ತಾಡಪಾಲು ಮುಚ್ಚಿದ್ದೇನೆ.

ನಾನು ಹಚ್ಚೋದು ನಿಧಾನ ಅಂತ ಅಪ್ಪ ಯಾವಾಗಲೂ ಬೈಗುಳ. ಹೇಳಿದ ದಿನ ಒಂದು ಸಲ ಹಚ್ಚಿದವನಲ್ಲ ನಾನು. ಇಟ್ಟಿಗೆ ಇನ್ನೂ ಹಸಿ ಇದೆ ಅನ್ನಿಸುತ್ತೆ, ಸೌದೆ ಸಾಲದು ಅನ್ನಿಸುತ್ತೆ, ಒಂದು ವಾರ ಸುತ್ತ ಸುತ್ತುತ್ತೇನೆ. ಈ ಸಲ ಅವರು ಜನವರಿ ಹದಿನೈದು, ಸೋಮವಾರ ಅಂದರು, ಸೋಮವಾರವೇ ಹಚ್ಚಿದೆ. ಅವರಿಗೆ ಖುಷಿ ಆಗಲಿ ಅಂತ ಕಾಗದ ಬರೆದಿದ್ದೆ, ಹದಿನೈದು ಸೋಮವಾರ ಖಂಡಿತ ಹಚ್ಚುತ್ತೇನೆ ಅಂತ. ನೀನು ಓದಿ ಹೇಳಿದೆಯಾ? ಏನಂದರು?

ನಿದ್ದೆ ಬರಲ್ಲ. ಪುಸ್ತಕ ನೋಡಿ ಇದ್ದದ್ದು ಇದ್ದ ಹಾಗೆ ಬರೆ.

ತಮ್ಮ


ಫೆಬ್ರವರಿ 25

ನಿಧಾನಪ್ಪನಿಗೆ,

ಕೂತುಕೊಂಡು ಓದು. ಅದು ನಿನ್ನ ಹೊಗೆಯಲ್ಲ.

ಇನ್ನೊಂದು ಸಲ ಬರೆಯುತ್ತೇನೆ, ನಿನಗೆ ಒಂದು ಸಲ ಹೇಳಿದರೆ ತಲೆಗೆ ಹೋಗುವುದಿಲ್ಲ. ಅದು ನಿನ್ನ ಹೊಗೆಯಲ್ಲ. ನಿನ್ನ ಕೈಯಕ್ಷರದಲ್ಲೇ ಇದೆ. ಜನವರಿ ಹದಿನೈದು ಪೂರ್ವ. ಹದಿನಾರು ಪೂರ್ವ. ಹದಿನೇಳು ಬುಧವಾರ ನಿಶ್ಚಲ. ನಾವು ನಿಮ್ಮ ಪೂರ್ವಕ್ಕಿದ್ದೇವೆ. ಅಂದಮೇಲೆ ಗಾಳಿ ನಮ್ಮ ಕಡೆಯಿಂದ ನಿಮ್ಮ ಕಡೆಗೆ ಬೀಸಿದೆ. ಬೇಕಾದರೆ ನಮ್ಮ ಊರಿನ ಹೊಗೆ ನಿನ್ನ ಮೂಗಿಗೆ ಬಂದಿರಬೇಕು, ನಿನ್ನದು ಇಲ್ಲಿಗೆ ಬಂದಿಲ್ಲ.

ಹಾಗಾದರೆ ಇಲ್ಲಿ ಆ ವಾರ ಏಕೆ ಅಷ್ಟು ಕೆಟ್ಟದಾಗಿತ್ತು ಅಂತ ಕೇಳುತ್ತೀಯ. ಚಳಿಗಾಲದಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ಅದಕ್ಕೆ ಅಂಟಿಕೊಂಡ ಗಾಳಿಯೂ ತಣ್ಣಗಾಗಿ ಕೆಳಗೇ ಕೂರುತ್ತದೆ, ಮೇಲಿನದು ಬೆಚ್ಚಗೇ ಇರುತ್ತದೆ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಬಸ್ಸು ಲಾರಿ ಒಲೆ ಕಾರ್ಖಾನೆ ಯಾರು ಏನು ಬಿಟ್ಟರೂ ಮುಚ್ಚಳದ ಕೆಳಗೇ ಸುತ್ತುತ್ತದೆ. ಗಾಳಿ ಎಳೆಯುವ ಯಂತ್ರದಲ್ಲಿಟ್ಟಿದ್ದ ಬುಧವಾರದ ಫಿಲ್ಟರ್ ಹಾಳೆಯನ್ನು ನಾನೇ ತೂಗಿದೆ. ಮಾಮೂಲಿಗಿಂತ ಆರು ಪಟ್ಟು. ಬೆಳ್ಳಗೆ ಹೋದ ಹಾಳೆ ಹಂಚಿನ ತಳದ ಬಣ್ಣದಲ್ಲಿ ವಾಪಸು ಬಂತು. ತೂಗುವಾಗ ನಮ್ಮ ಉಸಿರು ತಾಗಿದರೂ ಮುಳ್ಳು ಅಲ್ಲಾಡುತ್ತದೆ, ಅದಕ್ಕೆ ಉಸಿರು ಹಿಡಿದೇ ತೂಗಬೇಕು. ಅವತ್ತು ಹಿಡಿದ ಉಸಿರು ಬಿಡಲು ನನಗೆ ನೆನಪೇ ಆಗಲಿಲ್ಲ.

ನಮ್ಮ ಸಾಹೇಬರು ಗೊತ್ತಲ್ಲ, ಆಕಾಶ ನೋಡುತ್ತಾ ನಡೆದು ಚರಂಡಿಗೆ ಬಿದ್ದವರು. ಅವರಿಗೆ ನಿನ್ನ ಪುಸ್ತಕವೆಂದರೆ ಪ್ರಾಣ. ಗಾಳಿಯ ದಿಕ್ಕು ತೋರಿಸುವ ನಗರದ ಕಂಬ ಪಶ್ಚಿಮದ ಗಾಳಿ ಅನ್ನುತ್ತದೆ, ಅದೇ ದಿನ ನಿನ್ನ ಪುಸ್ತಕ ಪೂರ್ವ ಅನ್ನುತ್ತದೆ. ಎರಡು ವರ್ಷದಿಂದ ಹೀಗೇ. "ಕಣಿವೆ ಗಾಳಿಗೆ ಅದರದೇ ದಾರಿ ಇದೆ ಕಣ್ರೀ" ಅಂತ ಅವರು ಅದರ ಮೇಲೆ ಹನ್ನೊಂದು ಪುಟ ಬರೆದಿದ್ದಾರೆ. ಹಾಳೆಯಲ್ಲಿ ಸೌದೆ ಹೊಗೆಯ ಗುರುತು ಜಾಸ್ತಿ ಸಿಕ್ಕಿತು. ಚಳಿಗೆ ಊರಿನವರೇ ಉರಿಸಿರಬೇಕು ಅಂದರು. ಗಾಳಿ ನಿಲ್ಲುವ ದಿನಗಳಲ್ಲಿ ಯಾರ್ಯಾರು ಬೆಂಕಿ ಹಚ್ಚಬಾರದು ಅಂತ ಒಂದು ಪಟ್ಟಿ ತಯಾರಾಗುತ್ತಿದೆ. ನಿಮ್ಮ ಕಣಿವೆಯ ನಲವತ್ತು ಗೂಡುಗಳನ್ನು ಅದರಿಂದ ಬಿಟ್ಟಿದ್ದಾರೆ. ನಿನ್ನ ಪುಸ್ತಕದ ದಯೆ.

ಅಪ್ಪನಿಗೆ ನಿನ್ನ ಕಾಗದ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ಏನಂದರು ಅನ್ನುವುದನ್ನು ಇನ್ನೊಂದು ಸಲ ಬರೆಯುತ್ತೇನೆ.

ಈಗ ಹೋಗಿ ಮಲಗು.

ತಕ್ಕಡಿ


ಮಾರ್ಚ್ 10

ಅಕ್ಕ,

ನಿನ್ನ ಕಾಗದ ಬಂದ ದಿನ ಮಧ್ಯಾಹ್ನ ಮಲಗಿದವನು ಮಾರನೇ ದಿನ ಬೆಳಗ್ಗೆ ಎದ್ದೆ. ಪಕ್ಕದ ಗೂಡಿನ ಮುದುಕ ಉಸಿರು ಇದೆಯಾ ಅಂತ ಮೂಗು ಹತ್ತಿರ ಬೆರಳು ಹಿಡಿದು ನೋಡಿದನಂತೆ. ಎದ್ದ ಮೇಲೆ ಆರು ರೊಟ್ಟಿ ತಿಂದೆ. ನೀನು ನಂಬಲ್ಲ, ಲೆಕ್ಕ ಹಾಕಿದ್ದು ಆ ಮುದುಕ.

ತಾಡಪಾಲು ತೆಗೆದೆ. ಆ ಇಟ್ಟಿಗೆ ಶಾಲೆಗೆ ಕೊಟ್ಟೆ, ಒಂದು ಕೋಣೆ ಕಟ್ಟುತ್ತಾರಂತೆ. ಅಪ್ಪ ಹೆಸರು ಕೆತ್ತಿಸಬೇಕಾ ಅಂತ ಟೀಚರಮ್ಮ ಕೇಳಿದರು. ಬೇಡ, ಮಳೆ ಬಂದರೆ ಸೋರದ ಹಾಗೆ ಕಟ್ಟಿಸಿ ಸಾಕು ಅಂದೆ.

ಮತ್ತೆ ಗೂಡು ಹಚ್ಚಿದೆ. ಒಂದು ವಾರ ತಡ, ಎಂದಿನಂತೆ. ಇವತ್ತು ಪೂರ್ವ. ಹೊಗೆಯೆಲ್ಲ ಸೀದಾ ಶಾಲೆ ಮೇಲೆ. ಅದೇ ಟೀಚರಮ್ಮ ಬಂದು, "ಒಂದು ಕೈಲಿ ಇಟ್ಟಿಗೆ ಕೊಡ್ತೀರ, ಇನ್ನೊಂದು ಕೈಲಿ ಹೊಗೆ ಹಾಕ್ತೀರ" ಅಂತ ಜಗಳ. ನಾನು ನಕ್ಕುಬಿಟ್ಟೆ. ಅಪ್ಪ ಹೋದ ಮೇಲೆ ನಕ್ಕಿದ್ದು ಅದೇ ಮೊದಲು.

ಅಪ್ಪ ಏನಂದರು ಅಂತ ನೀನು ಬರೆಯಲೇ ಇಲ್ಲ.

ತಮ್ಮ


ಏಪ್ರಿಲ್ 8

ಅಕ್ಕ,

ಒಂದು ತಿಂಗಳಾಯಿತು. ಹ್ಞೂಂ ಅನ್ನೋ ಕೆಲಸ ಈಗ ನೀನು ಶುರು ಮಾಡಿದೆಯಾ? ಫೆಬ್ರವರಿ ಪುಸ್ತಕ, ಮಾರ್ಚ್ ಪುಸ್ತಕ ಎರಡೂ ತಲುಪಿರಬೇಕು. ಮೈ ಹುಷಾರಿಲ್ಲವಾ?

ತಮ್ಮ


ಏಪ್ರಿಲ್ 15

ನಿಧಾನಪ್ಪನಿಗೆ,

ಹುಷಾರಾಗಿದ್ದೇನೆ. ಕೆಲಸ ಜಾಸ್ತಿ.

ಒಂದು ಸಣ್ಣ ವಿಷಯ ಕೇಳಬೇಕಿತ್ತು, ಕಚೇರಿಗೆ ಬೇಕಂತೆ. ಪುಸ್ತಕದಲ್ಲಿ "ಗಾಳಿ" ಅಂತ ಒಂದು ಕಾಲಂ ಇದೆಯಲ್ಲ, ಅಲ್ಲಿ ಏನು ನೋಡಿ ಬರೆಯುತ್ತೀಯ? ಒಂದು ಸಾಲು ಸಾಕು.

ನಮ್ಮ ಶಾಲೆ ಈಗಲೂ ಗೂಡಿನ ಪೂರ್ವಕ್ಕೇ ಇದೆಯಾ? ಬೇರೆ ಕಡೆ ಹೊಸದಾಗಿ ಕಟ್ಟಿಲ್ಲ ತಾನೇ?

ಅಕ್ಕ


ಏಪ್ರಿಲ್ 27

ಅಕ್ಕ,

ಶಾಲೆ ಇದ್ದಲ್ಲೇ ಇದೆ. ಶಾಲೆಗೆ ಕಾಲು ಬರುತ್ತಾ?

ಹೊಗೆ ನೋಡಿ ಬರೆಯುತ್ತೇನೆ. ಗೂಡಿನವನು ಇನ್ನೇನು ನೋಡುತ್ತಾನೆ? ಹೊಗೆ ಎತ್ತ ಹೋಯಿತೋ ಅದು ಗಾಳಿ. ಅಪ್ಪ ಹಾಗೇ ಹೇಳಿಕೊಟ್ಟದ್ದು. "ಇವತ್ತು ಪೂರ್ವ" ಅಂದರೆ ಪೂರ್ವದ ಮನೆಯವರು ಬಟ್ಟೆ ಒಳಗೆ ತೆಗೆದುಕೊಳ್ಳಬೇಕು ಅಂತ. ಕಣಿವೆ ಪೂರ್ತಿ ಹಾಗೇ ಮಾತು.

ಆದರೆ ನಿನಗೆ ಇದು ಈಗ ಗೊತ್ತಾಗಿಲ್ಲ. ನನ್ನ ಮಾರ್ಚ್ ಕಾಗದ ಓದಿದಾಗಲೇ ಗೊತ್ತಾಗಿದೆ, ಇವತ್ತು ಪೂರ್ವ, ಹೊಗೆ ಶಾಲೆ ಮೇಲೆ ಅಂತ ಬರೆದಿದ್ದೆನಲ್ಲ. ನನಗೂ ಗೊತ್ತಾಗಿದೆ ಅಕ್ಕ. ಈ ತಿಂಗಳು ಮೊದಲ ವಾರ ರೇಡಿಯೋ ಇಟ್ಟುಕೊಂಡು ಸೌದೆ ಒಡೆಯುತ್ತಿದ್ದೆ. ಪಶ್ಚಿಮದ ಗಾಳಿ ಬೀಸುತ್ತಿದೆ ಅಂದರು. ತಲೆ ಎತ್ತಿ ನೋಡಿದರೆ ನನ್ನ ಹೊಗೆ ಪೂರ್ವ. ಇವರಿಗೆ ದಿಕ್ಕೇ ಗೊತ್ತಿಲ್ಲ ಅಂದುಕೊಂಡೆ. ಮಾರನೇ ದಿನ ಕೂಡ ಹಾಗೇ. ಮೂರನೇ ದಿನ ಕೊಡಲಿ ಕೆಳಗೆ ಇಟ್ಟು ಕೂತೆ. ನಿನಗೆ ಏಪ್ರಿಲ್ ಎಂಟು ಕಾಗದ ಬರೆದದ್ದು ಆಮೇಲೆ. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಬರೆದೆ.

ಅವರು ಬರುವ ದಿಕ್ಕು ಹೇಳುತ್ತಾರೆ. ನಾನು ಹೋಗುವ ದಿಕ್ಕು ಬರೆದಿದ್ದೇನೆ.

ನೀನು ಬಾಯಿ ಬಿಟ್ಟು ಹೇಳಬೇಡ. ಕೇಳಿಕೊಳ್ಳುತ್ತೇನೆ. ನಿನ್ನ ಫೆಬ್ರವರಿ ಕಾಗದ ದಿಂಬಿನ ಕೆಳಗೆ ಇದೆ. "ಅದು ನಿನ್ನ ಹೊಗೆಯಲ್ಲ" ಅಂತ ಎರಡು ಸಲ ಬರೆದಿದ್ದೀಯ. ಸುಳ್ಳು ಅಂತ ಗೊತ್ತಿದ್ದೂ ಓದುತ್ತೇನೆ, ನಿದ್ದೆ ಬರುತ್ತೆ. ಈ ಒಂದು ಮಳೆಗಾಲ ಕಳೆಯಲಿ. ನೀನು ಹೇಳದಿದ್ದರೆ ಅದು ಇನ್ನೂ ಪೂರ್ತಿ ನಿಜ ಆಗಿಲ್ಲ.

ತಮ್ಮ


ಮೇ 12

ತಮ್ಮಾ,

ಹದಿನೈದು ದಿನ ಸುಮ್ಮನಿದ್ದೆ. ನೀನು ಕೇಳಿದ್ದು ಅದೊಂದೇ. ನಮ್ಮ ಮನೆಯಲ್ಲಿ ನೀನು ಬಾಯಿ ಬಿಟ್ಟು ಏನನ್ನಾದರೂ ಕೇಳಿದ್ದೇ ಅಪರೂಪ, ಅದನ್ನೂ ನಡೆಸಿಕೊಡಲು ನನ್ನಿಂದ ಆಗುತ್ತಿಲ್ಲ. ಜೂನ್ ಇಪ್ಪತ್ತಕ್ಕೆ ಆ ಪಟ್ಟಿಯ ಮೇಲೆ ಸಭೆ ಇದೆ. ಅದರಲ್ಲಿ ನಿಮ್ಮ ನಲವತ್ತು ಗೂಡುಗಳು ಇಲ್ಲ. ಇಲ್ಲದಿರುವುದಕ್ಕೆ ಕಾರಣ ನಿನ್ನ ಪುಸ್ತಕ. ಅದು ತಲೆಕೆಳಗಾಗಿದೆ ಅಂತ ನಾನು ಹೇಳಿದರೆ ಸಾಲದು. "ನಾನು ಬರೆದದ್ದು ಹೊಗೆ ಹೋದ ದಿಕ್ಕು" ಅಂತ ಬರೆದವನೇ ಸಹಿ ಹಾಕಿ ಕೊಡಬೇಕು. ಹಾಗಾಗಿ ನಿನಗೆ ಗೊತ್ತಾಗದ ಹಾಗೆ ಸರಿಮಾಡುವ ದಾರಿಯೂ ನನಗಿಲ್ಲ. ಇದ್ದಿದ್ದರೆ ಖಂಡಿತ ಹಾಗೇ ಮಾಡುತ್ತಿದ್ದೆ.

ಸುಮ್ಮನಿದ್ದುಬಿಡೋಣ ಅಂತಲೂ ಯೋಚನೆ ಮಾಡಿದೆ. ಸುಳ್ಳು ಹೇಳುವುದಿಲ್ಲ, ಹತ್ತು ಸಲ ಮಾಡಿದೆ. ನನ್ನ ಬೀದಿಯ ಕೊನೆಯಲ್ಲಿ ಒಬ್ಬ ಹೊಲಿಗೆಯವಳಿದ್ದಾಳೆ. ಅವಳ ತಾಯಿಗೆ ಅಪ್ಪನಿಗಿದ್ದ ಕಾಯಿಲೆಯೇ. ಬಟ್ಟೆ ಕೊಡಲು ಹೋದಾಗಲೆಲ್ಲ ಒಳಗಿನ ಕೋಣೆಯಿಂದ ಅದೇ ಕೆಮ್ಮು, ಅದೇ ಎಳೆತ. ಮುಂದಿನ ಜನವರಿಯಲ್ಲೂ ಗಾಳಿ ನಿಲ್ಲುತ್ತದೆ. ನಾನು ಸುಮ್ಮನಿದ್ದರೆ ಅವಳ ಕಣ್ಣು ನೋಡಿ ಅಳತೆ ಕೊಡಲು ನನ್ನಿಂದ ಆಗುವುದಿಲ್ಲ.

ಹೇಳಬೇಡ ಅಂದೆ. ಹೇಳುತ್ತಿದ್ದೇನೆ. ಸೋಮವಾರ, ಮಂಗಳವಾರ ಗಾಳಿ ನಿಮ್ಮ ಕಡೆಯಿಂದ ನಮ್ಮ ಕಡೆಗೆ ನಿಧಾನವಾಗಿ ಬೀಸಿತು. ಸೋಮವಾರ ಸಂಜೆ ಕಣಿವೆಯಿಂದ ಹೊರಟದ್ದು ಮಂಗಳವಾರ ಇಲ್ಲಿಗೆ ಬಂತು. ಬುಧವಾರ ಗಾಳಿ ನಿಂತುಹೋಯಿತು, ಮೇಲೆ ಮುಚ್ಚಳ ಬಿತ್ತು. ಬಂದದ್ದು ವಾಪಸು ಹೋಗಲಿಲ್ಲ. ಹಾಳೆಯ ಮೇಲಿದ್ದ ಸೌದೆ ಹೊಗೆ ಊರಿನವರದಲ್ಲ. ಗುರುವಾರ ಬೆಳಗ್ಗೆ ಅಪ್ಪ ಹೋದರು.

ಅದರಲ್ಲಿ ನಿನ್ನ ಗೂಡಿನದೆಷ್ಟು, ಉಳಿದ ಮೂವತ್ತೊಂಬತ್ತು ಗೂಡಿನದೆಷ್ಟು, ನಮ್ಮ ಬೀದಿಯ ಲಾರಿಗಳದೆಷ್ಟು ಅಂತ ಬೇರೆ ಬೇರೆ ಮಾಡಿ ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ. ಯಾರ ಹತ್ತಿರವೂ ಇಲ್ಲ. ಅಪ್ಪನ ಎದೆ ಮೊದಲೇ ಸವೆದಿತ್ತು, ಮಾರ್ಚ್ ತನಕ ಇರುತ್ತಿದ್ದರೋ ಇಲ್ಲವೋ ಅದೂ ಗೊತ್ತಿಲ್ಲ. ಆದರೆ ಒಂದು ಚೂರೂ ನಿನ್ನದಲ್ಲ ಅಂತ ಇನ್ನು ನನಗೆ ಬರೆಯಲು ಬಾರದು. ಫೆಬ್ರವರಿಯಲ್ಲಿ ಹಾಗೆ ಬರೆದಾಗ ಕಂಬಕ್ಕೂ ಪುಸ್ತಕಕ್ಕೂ ತಾಳೆಯಾಗದ್ದು ನನ್ನ ಕಣ್ಣಮುಂದೆಯೇ ಇತ್ತು. ಸಾಹೇಬರಿಗೆ ಹನ್ನೊಂದು ಪುಟ ಬರೆಯುವುದು ಬೇಕಾಗಿತ್ತು. ನನಗೂ ಅದು ನಿನ್ನ ಹೊಗೆ ಆಗದಿರುವುದು ಬೇಕಾಗಿತ್ತು. ಏಕೆ ಅಂತ ಈಗ ಹೇಳುತ್ತೇನೆ. ಜನವರಿಯಿಂದ ನುಂಗಿಕೊಂಡು ಕೂತಿರುವ ಮಾತು ಇದು.

ಮಂಗಳವಾರ ಸಂಜೆ ಅಪ್ಪನಿಗೆ ದಿಂಬು ಎತ್ತರಿಸಿ ಕೂರಿಸಿದ್ದೆ. ನಿನ್ನ ಕಾಗದ ಕೈಲೇ ಇತ್ತು. ಇದ್ದಕ್ಕಿದ್ದ ಹಾಗೆ ಮೂಗು ಅರಳಿಸಿ ಕಿಟಕಿ ಕಡೆ ತಿರುಗಿದರು. "ನಮ್ಮ ಗೂಡಿನ ವಾಸನೆ ಕಣಮ್ಮ" ಅಂದರು. ನಾನು, "ಅಪ್ಪ, ತೊಂಬತ್ತು ಕಿಲೋಮೀಟರ್ ದೂರ ಇದೆ ಅದು" ಅಂದೆ. ಅವರು ನಕ್ಕರು. "ನನ್ನ ಮೂಗಿಗೆ ಲೆಕ್ಕ ಹೇಳ್ಬೇಡ. ಕೊನೆಗೂ ಹೇಳಿದ ದಿನ ಹಚ್ಚಿದಾನೆ ನೋಡು ನನ್ ಮಗ. ಉರಿ ಚೆನ್ನಾಗಿ ಹಿಡಿಸಿದಾನೆ. ಕಿಟಕಿ ತೆಗಿ, ಸರಿಯಾಗಿ ಬರ್ಲಿ" ಅಂದರು.

ಅವತ್ತು ಹೊರಗಿನ ಗಾಳಿ ಹೇಗಿದೆ ಅಂತ ಇಡೀ ಊರಿನಲ್ಲಿ ಬಲ್ಲವರು ನಾಲ್ಕೇ ಜನ. ಅವರಲ್ಲಿ ನಾನೊಬ್ಬಳು. ಯಂತ್ರದ ಮುಳ್ಳು ಏರುತ್ತಿರುವುದನ್ನು ನೋಡಿಯೇ ಮನೆಗೆ ಬಂದಿದ್ದೆ. ಆದರೂ ಅಪ್ಪನ ಮುಖ ಅಷ್ಟು ಬೆಳಕಾಗಿತ್ತು. ಕಿಟಕಿ ತೆಗೆದೆ. ಒಂದು ಗಂಟೆ ಹಾಗೇ ಬಿಟ್ಟೆ. ಅವರು ಕಣ್ಣು ಮುಚ್ಚಿ ಎಳೆದುಕೊಂಡರು, ಎಷ್ಟು ಆಗುತ್ತೋ ಅಷ್ಟು.

ಅವರು ಕನವರಿಸಿದ್ದು, ಇಲ್ಲಿನ ಗಾಳಿಯೇ ಕೆಟ್ಟದ್ದು, ಒಂದು ಗಂಟೆಯಿಂದ ಏನಾಗುತ್ತದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿನ್ನ ಪುಸ್ತಕ ಪೂರ್ವ ಅಂದಾಗ ಬದುಕಿದೆ ಅನ್ನಿಸಿತು. ಈಗ ಅದೂ ಹೋಯಿತು. ಹೊಗೆ ನಿನ್ನದು, ಕಿಟಕಿ ನನ್ನದು. ಚಳಿಗೆ ಮೊಳೆ ಹೊಡೆಸಿದೆ ಅಂತ ಬರೆದಿದ್ದೆನಲ್ಲ, ಚಳಿಗಲ್ಲ.

ಸಹಿ ಹಾಕುವುದು ಬಿಡುವುದು ನಿನಗೆ ಬಿಟ್ಟದ್ದು. ಹಾಕದಿದ್ದರೂ ನಾನು ನಿನ್ನ ಅಕ್ಕನೇ.

ಅಕ್ಕ


ಜೂನ್ 9

ತಮ್ಮಾ,

ಸಹಿಯ ಮಾತು ಮರೆತುಬಿಡು. ಊಟ ಮಾಡುತ್ತಿದ್ದೀಯಾ? ಅದಷ್ಟನ್ನು ಬರೆ. ಪಕ್ಕದ ಗೂಡಿನ ಆ ಮುದುಕನಿಗೆ ಹೇಳಿ ಬರೆಸಿದರೂ ಸಾಕು.

ಅಕ್ಕ


ಜೂನ್ 14

ಗಾಳಿ ಅಳೆಯುವ ಕಚೇರಿಯ ಅಧಿಕಾರಿಗಳಿಗೆ,

ಕಣಿವೆಯ ಇಟ್ಟಿಗೆ ಗೂಡಿನಿಂದ ಎರಡು ವರ್ಷ ನಿಮ್ಮ ಪುಸ್ತಕದಲ್ಲಿ ಬರೆದವನು ನಾನು. "ಗಾಳಿ" ಎಂಬ ಕಾಲಂನಲ್ಲಿ ನಾನು ಬರೆದದ್ದು ಗಾಳಿಯು ಬಂದ ದಿಕ್ಕನ್ನು ಅಲ್ಲ, ಹೊಗೆಯು ಹೋದ ದಿಕ್ಕನ್ನು. ಪೂರ್ವ ಎಂದು ಇರುವಲ್ಲೆಲ್ಲ ಪೂರ್ವಕ್ಕೆ ಎಂದು ಓದಬೇಕು. ಇದನ್ನು ಯಾರ ಒತ್ತಾಯದಿಂದಲೂ ಬರೆದಿಲ್ಲ. ಕಳೆದ ಜನವರಿ ಹದಿನೈದು ಮತ್ತು ಹದಿನಾರನೆಯ ತಾರೀಕಿನದನ್ನೂ ಹಾಗೆಯೇ ಓದಬೇಕು.

(ಸಹಿ)

ಅಕ್ಕನಿಗೆ,

ಮೇಲಿನದು ಕಚೇರಿಗೆ, ಇಲ್ಲಿಂದ ಕೆಳಗಿನದು ನಿನಗೆ. ಹರಿದು ಬೇರೆ ಮಾಡಿಕೋ. ಪ್ರತ್ಯಯಗಳನ್ನು ಟೀಚರಮ್ಮನಿಗೆ ತೋರಿಸಿ ಸರಿಮಾಡಿಸಿದ್ದೇನೆ. ಏಕೆ ಎಂದು ಅವರು ಕೇಳಲಿಲ್ಲ.

ಊಟ ಮಾಡುತ್ತಿದ್ದೇನೆ. ನಿನ್ನ ಕಾಗದವನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಒಂದು ತಿಂಗಳು ಓಡಾಡಿದೆ. ಮೊದಲು ನಿನ್ನ ಮೇಲೆ ಕೋಪ ಬಂತು. ಹೇಳಿದ್ದಕ್ಕೆ ಅಲ್ಲ. ಅಪ್ಪನ ಮಾತನ್ನು ಇಷ್ಟು ದಿನ ನನಗೆ ಕೊಡದೆ ಇಟ್ಟುಕೊಂಡದ್ದಕ್ಕೆ. ನಾನು ಹಚ್ಚಿದ್ದನ್ನು ಅವರು ಮೆಚ್ಚಿದ್ದು ಅದೊಂದೇ ಸಲ. ಮೂವತ್ತೆಂಟು ವರ್ಷ ಆ ಮಾತಿಗೆ ಕಾದಿದ್ದೆ. ಅದು ಬಂದದ್ದು ಹೀಗೆ. ಅದನ್ನು ಎತ್ತಿ ಎದೆಗೆ ಒತ್ತಿಕೊಳ್ಳಲೂ ಆಗುವುದಿಲ್ಲ, ಬಿಸಾಡಲೂ ಆಗುವುದಿಲ್ಲ.

ಕಿಟಕಿಯ ವಿಷಯ. ನಮ್ಮ ಮನೆಯಲ್ಲಿ ಅಪ್ಪ ಕೇಳಿದ್ದನ್ನು ಇಲ್ಲ ಎಂದವರು ಯಾರಿದ್ದಾರೆ? ನಾನು ಅಲ್ಲಿದ್ದಿದ್ದರೂ ತೆಗೆಯುತ್ತಿದ್ದೆ. ಅದನ್ನು ನಿನ್ನ ಲೆಕ್ಕಕ್ಕೆ ಹಾಕಿಕೊಳ್ಳಬೇಡ.

ನಿನ್ನ ಫೆಬ್ರವರಿಯ ಕಾಗದವನ್ನು ದಿಂಬಿನ ಕೆಳಗಿನಿಂದ ತೆಗೆದೆ. ಒಲೆಗೆ ಹಾಕಲು ಹೋದೆ, ಹೊಗೆಯಾಗುತ್ತದೆ ಎಂದು ಹಾಕಲಿಲ್ಲ. ಪೆಟ್ಟಿಗೆಯಲ್ಲಿದೆ.

ತಮ್ಮ


ಜುಲೈ 3

ನಿಧಾನಪ್ಪನಿಗೆ,

ಸಭೆ ಮುಗಿಯಿತು. ನಲವತ್ತು ಗೂಡುಗಳೂ ಪಟ್ಟಿಗೆ ಸೇರಿದವು. ಗಾಳಿ ನಿಲ್ಲುವ ದಿನಗಳಿಗೆ ಎರಡು ದಿನ ಮುಂಚೆ ಕಚೇರಿಯಿಂದ ಕಣಿವೆಗೆ ಸಂದೇಶ ಹೋಗುತ್ತದೆ, ಅಲ್ಲಿಂದ ಗಾಳಿ ಮತ್ತೆ ಬೀಸುವ ತನಕ ಹೊಸದಾಗಿ ಬೆಂಕಿ ಹಚ್ಚುವಂತಿಲ್ಲ. ಸಾಹೇಬರು ನಿನ್ನ ಹೇಳಿಕೆಯನ್ನು ನಿಂತುಕೊಂಡೇ ಓದಿದರು. ಆಮೇಲೆ ತಮ್ಮ ಹನ್ನೊಂದು ಪುಟಗಳನ್ನು ಡ್ರಾಯರ್‌ನಿಂದ ತೆಗೆದು ಕಸದ ಬುಟ್ಟಿಗೆ ಹಾಕಿದರು. "ಒಂದು 'ಇಂದ' ಅಚ್ಚು ಹಾಕಿಸಿದ್ದಿದ್ರೆ ಸಾಕಿತ್ತಲ್ಲಮ್ಮ" ಅಂದರು. ನನ್ನ ಮುಖ ನೋಡಲಿಲ್ಲ.

ಹೊಸ ಪುಸ್ತಕ ಕಳಿಸುತ್ತಿದ್ದೇನೆ. ಕಾಲಂನ ತಲೆಯ ಮೇಲೆ ಈಗ "ಗಾಳಿ ಎಲ್ಲಿಂದ" ಅಂತಿದೆ. ನಿನಗೆ ಮೇಷ್ಟ್ರಾಗಿ ಅಷ್ಟು ವರ್ಷ ತಲೆ ತಿಂದವಳು ನಾನು, ಆ ಒಂದು ಪದ ಬರೆಸಬೇಕು ಅಂತ ನನಗೇ ಹೊಳೆಯಲಿಲ್ಲ.

ಇಲ್ಲಿ ಮಳೆ. ಹಾಳೆಗಳು ಹೋದಷ್ಟೇ ಬೆಳ್ಳಗೆ ವಾಪಸು ಬರುತ್ತಿವೆ. ಮೊಳೆ ಕೀಳೋಣ ಅಂತ ಮೊನ್ನೆ ಸುತ್ತಿಗೆ ಹಿಡಿದು ಅಪ್ಪನ ಕೋಣೆಗೆ ಹೋದೆ. ಆಗಲಿಲ್ಲ, ಹಾಸಿಗೆಯ ಮೇಲೆ ಕೂತು ಅತ್ತು ಬಂದೆ.

ತಕ್ಕಡಿ


ಜನವರಿ 15

ಅಕ್ಕನಿಗೆ,

ಇವತ್ತಿಗೆ ವರ್ಷವಾಯಿತು. ಹಸಿ ಇಟ್ಟಿಗೆಗಳು ಒಣಗಿ, ಗೂಡಿನಲ್ಲಿ ಜೋಡಿಸಿ ಆರು ದಿನವಾಗಿದೆ. ಹಚ್ಚುವುದೊಂದೇ ಬಾಕಿ.

ನಿನ್ನೆ ನಿಮ್ಮ ಕಚೇರಿಯಿಂದ ಸಂದೇಶ ಬಂತು, ಹದಿನಾರರಿಂದ ಮೂರು ದಿನ ಗಾಳಿ ನಿಲ್ಲುತ್ತದೆ ಎಂದು. ನಲವತ್ತು ಗೂಡುಗಳಿಗೂ ನಡೆದು ಹೋಗಿ ಹೇಳಿದವನು ನಾನೇ. ಮೂವತ್ತೊಂದು ಗೂಡಿನವರು ಸರಿ ಎಂದರು. ಒಂಬತ್ತು ಗೂಡಿನವರು ಹಚ್ಚಿದರು. "ಅಪ್ಪನ್ನ ತಿಂದ್ಕೊಂಡೋನು ಈಗ ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ಬಂದ" ಎಂದು ಒಬ್ಬ ಅಂದ. ಪಕ್ಕದ ಗೂಡಿನ ಮುದುಕ ನನ್ನ ತೋಳನ್ನು ಹಿಡಿದು ಮನೆಗೆ ಕರೆತಂದ.

ಇವತ್ತು ಸಂಜೆ ಬೆಂಕಿಪೊಟ್ಟಣವನ್ನು ಕೈಯಲ್ಲಿ ಹಿಡಿದು ಗೂಡಿನ ಮುಂದೆ ಕೂತಿದ್ದೆ. ಹಿಂದಿನಿಂದ ಅಪ್ಪ ಬೈದಂತಾಯಿತು, "ಹೇಳಿದ ದಿನ ಹಚ್ಚಲ್ಲ ಇವ್ನು" ಎಂದು. ತಿರುಗಿ ನೋಡಲಿಲ್ಲ. ಕತ್ತಲಾಗುವ ಮುಂಚೆ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಎದ್ದೆ. ಇನ್ನು ಹಚ್ಚಿದರೆ ಗಾಳಿ ನಿಮ್ಮ ಕಡೆಗೆ ಇಲ್ಲದ ದಿನವೇ.

ಆ ಒಂಬತ್ತು ಗೂಡುಗಳ ಹೊಗೆ ನಾಳೆ ನಿನ್ನ ಊರಿಗೆ ಬರುತ್ತದೆ. ಹೊಲಿಗೆಯವಳ ತಾಯಿಗೆ ಕಿಟಕಿಯನ್ನು ಹಾಕಿಕೊಳ್ಳಲು ಹೇಳು. ಈ ಕಾಗದ ನಿನ್ನನ್ನು ಮುಟ್ಟುವ ಹೊತ್ತಿಗೆ ಗಾಳಿ ತಿರುಗಿರುತ್ತದೆ ಎಂದು ಗೊತ್ತು, ಆದರೂ ಹೇಳು.

ನೀನು ನಿನ್ನ ಮೊಳೆಗಳನ್ನು ಕೀಳಬಹುದು. ಇನ್ನು ಎಷ್ಟು ಹೊತ್ತು ತೆಗೆದಿಟ್ಟರೂ ಆ ಕಿಟಕಿಯಿಂದ ನಮ್ಮ ಗೂಡಿನ ವಾಸನೆ ಬರುವುದಿಲ್ಲ ಅಕ್ಕ.

ಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ: ಜನವರಿ ಹದಿನೈದು, ಸಂಜೆ. ಗಾಳಿ ಪಶ್ಚಿಮದಿಂದ, ನಿಧಾನ. ನಮ್ಮ ಗೂಡಿನಿಂದ ಹೊಗೆ ಇಲ್ಲ.

ನಿನ್ನ ತಮ್ಮ,
ನಿಧಾನಪ್ಪ